ಚಿತ್ರ ಇಳಿಸಿಕೊಳ್ಳದೆ ಭೂಮಿ ಅಳೆಯುವುದು: ಅರ್ಥ್ ಎಂಜಿನ್ ಕೋಡ್ ಎಡಿಟರ್‌ನಲ್ಲಿ ಮೊದಲ ದಿನಗಳು

ಒಂದು ದೊಡ್ಡ ಕೆರೆ ಇದೆ ಅಂದುಕೊಳ್ಳಿ. ಕೆಲವು ವರ್ಷಗಳಲ್ಲಿ ಅದರ ನೀರು ಎಷ್ಟು ಹಿಂದೆ ಸರಿದಿದೆ, ಸುತ್ತಲಿನ ಹಸಿರು ಎಷ್ಟು ಕಡಿಮೆಯಾಗಿದೆ ಎಂದು ತಿಳಿಯಬೇಕು. ಉಪಗ್ರಹ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಇಳಿಸಿಕೊಂಡು ನೋಡಿದರಾಯಿತು, ಅಲ್ವಾ?

ಲೆಕ್ಕ ಹಾಕಿ ನೋಡೋಣ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಚೌಕಗಳಾಗಿ ಬರುತ್ತದೆ. ಒಂದು ಚೌಕದ ಬದಿ ಸುಮಾರು 110 ಕಿಲೋಮೀಟರ್. 10 ಮೀಟರಿಗೊಂದು ಪಿಕ್ಸೆಲ್ ಎಂದರೆ, ಒಂದೇ ಬ್ಯಾಂಡಿನಲ್ಲಿ, ಅಂದರೆ ಒಂದು ಬಗೆಯ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ, 12 ಕೋಟಿ ಪಿಕ್ಸೆಲ್. ಎಲ್ಲ ಬ್ಯಾಂಡ್ ಸೇರಿದ ಫೈಲು ಅರ್ಧ ಜಿಬಿಯಿಂದ ಒಂದು ಜಿಬಿ ತೂಗುತ್ತದೆ. ಜೋಡಿ ಉಪಗ್ರಹಗಳು ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾದುಹೋಗುತ್ತವೆ. ವರ್ಷಕ್ಕೆ 73 ಸಲ. ಒಂದು ಕೆರೆಯ ಒಂದು ವರ್ಷದ ಕಥೆಗೆ 50 ಜಿಬಿ ಆಸುಪಾಸು ಬೇಕು. ಅದರಲ್ಲೂ ಎಷ್ಟೋ ಚಿತ್ರಗಳಲ್ಲಿ ಬರೀ ಮೋಡ. ಕೆರೆ ಇರುವುದು ಚೌಕದ ಒಂದು ಮೂಲೆಯಲ್ಲಿ, ಉಳಿದದ್ದೆಲ್ಲ ನಮಗೆ ಬೇಡವೇ ಬೇಡ.

ಈ ಭಾರ ಇಳಿಸಲಿಕ್ಕೆಂದೇ ಬಂದದ್ದು ಗೂಗಲ್ ಅರ್ಥ್ ಎಂಜಿನ್, ಚಿತ್ರಗಳನ್ನು ತನ್ನಲ್ಲೇ ಇಟ್ಟುಕೊಂಡು ಲೆಕ್ಕವನ್ನೂ ಅಲ್ಲೇ ಮಾಡಿಕೊಡುವ ಸೇವೆ. ಅದರ ಜೊತೆಗೆ ಬ್ರೌಸರಿನಲ್ಲೇ ತೆರೆಯುವ ಕೋಡ್ ಎಡಿಟರ್ ಇದೆ. ಕಂಪ್ಯೂಟರಿಗೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ, ಇಂಟರ್ನೆಟ್ ಇದ್ದರೆ ಸಾಕು.

ಹಿನ್ನೆಲೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರ ಜುಲೈನಲ್ಲಿ. ಆದರೆ ಆ ಚಿತ್ರಗಳ ಭಂಡಾರ ಎಲ್ಲರಿಗೂ ಪುಕ್ಕಟೆ ತೆರೆದದ್ದು 2008ರಲ್ಲಿ. ಎರಡು ವರ್ಷದ ನಂತರ, 2010ರಲ್ಲಿ, ಅರ್ಥ್ ಎಂಜಿನ್ ಬಂತು. 2013ರಲ್ಲಿ ಇಡೀ ಜಗತ್ತಿನ ಕಾಡು ಎಲ್ಲಿ ಹೋಯಿತು, ಎಲ್ಲಿ ಬಂತು ಎಂಬ ನಕ್ಷೆ ಇದರ ಮೇಲೇ ತಯಾರಾಯಿತು. ಅದಕ್ಕೆ ಆರೂವರೆ ಲಕ್ಷ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಬಳಸಿದರು. ಒಂದೇ ಕಂಪ್ಯೂಟರ್ ಆಗಿದ್ದರೆ 15 ವರ್ಷ ಹಿಡಿಯುತ್ತಿದ್ದ ಕೆಲಸ, ಕೆಲವೇ ದಿನಗಳಲ್ಲಿ ಮುಗಿಯಿತು. ನಾವು ಪುಟ್ಟ ಕೆರೆಗೆ ಬಳಸುವುದೂ ಅದೇ ಯಂತ್ರವನ್ನು. ನನಗೆ ಇದು ಇವತ್ತಿಗೂ ದೊಡ್ಡ ವಿಷಯ ಅನಿಸುತ್ತದೆ.

ಮೊದಲು ಈ ಒಂದು ಮಾತು ತಲೆಗೆ ಹೋಗಬೇಕು

ಒಳಗೆ ಯಾರನ್ನೂ ಬಿಡದ ಒಂದು ದೊಡ್ಡ ಗ್ರಂಥಾಲಯ ಇದೆ ಎಂದುಕೊಳ್ಳಿ. ನೀವು ಕಿಟಕಿಯ ಹತ್ತಿರ ನಿಂತು ಚೀಟಿ ಬರೆದು ಕೊಡುತ್ತೀರಿ: "ಇಂಥ ಜಾಗದ, ಇಂಥ ವರ್ಷದ ಚಿತ್ರಗಳನ್ನು ತೆಗೆಯಿರಿ. ಮೋಡ ಜಾಸ್ತಿ ಇದ್ದದ್ದನ್ನು ಬಿಡಿ. ಉಳಿದವುಗಳಲ್ಲಿ ನೀರು ಎಷ್ಟಿದೆ ಅಳೆದು, ಅಂಕಿ ಮಾತ್ರ ತಂದುಕೊಡಿ." ಒಳಗಿನವರು ಅಷ್ಟೂ ಕೆಲಸ ಮಾಡಿ ಒಂದು ಅಂಕಿ ಹೊರಗೆ ಕೊಡುತ್ತಾರೆ. ಪುಸ್ತಕಗಳು ಕಪಾಟಿನಿಂದ ಆಚೆಗೆ ಬರುವುದೇ ಇಲ್ಲ.

ಕೋಡ್ ಎಡಿಟರ್‌ನಲ್ಲಿ ನಾವು ಬರೆಯುವುದು ಈ ಚೀಟಿ. ಭಾಷೆ ಜಾವಾಸ್ಕ್ರಿಪ್ಟ್. ಆದರೆ ಲೆಕ್ಕ ನಡೆಯುವುದು ನಮ್ಮ ಬ್ರೌಸರಿನಲ್ಲಿ ಅಲ್ಲ, ಗೂಗಲ್‌ನ ಸರ್ವರುಗಳಲ್ಲಿ. ಸಾಲುಗಳನ್ನು ಬರೆಯುತ್ತಾ ಹೋದಾಗ ಯಾವ ಚಿತ್ರವೂ ಅಲುಗಾಡುವುದಿಲ್ಲ. "ನನಗೆ ತೋರಿಸು" ಎಂದು ಕೇಳಿದ ಗಳಿಗೆಯಲ್ಲಿ ಮಾತ್ರ ಚೀಟಿ ಹೊರಡುತ್ತದೆ. ಕೇಳುವ ದಾರಿ ಮುಖ್ಯವಾಗಿ ಮೂರು: ಪ್ರಿಂಟ್ ಮಾಡುವುದು, ನಕ್ಷೆಯ ಮೇಲೆ ಹಾಕುವುದು, ಫೈಲಾಗಿ ಹೊರಗೆ ತೆಗೆಯುವುದು. ಹೊಸಬರನ್ನು ಕಾಡುವ ಮುಕ್ಕಾಲು ಪಾಲು ಗೊಂದಲ ಈ ಒಂದು ಮಾತು ಕೂರದೆ ಇರುವುದರಿಂದ ಬರುತ್ತದೆ.

ಪ್ರವೇಶ ಮತ್ತು ಪರದೆ

ಒಳಗೆ ಹೋಗಲು ಗೂಗಲ್ ಖಾತೆ ಬೇಕು. ಜೊತೆಗೆ ಗೂಗಲ್ ಕ್ಲೌಡ್‌ನಲ್ಲಿ ಒಂದು ಪ್ರಾಜೆಕ್ಟ್ ಮಾಡಿಕೊಂಡು, ಅದನ್ನು ಅರ್ಥ್ ಎಂಜಿನ್‌ಗೆ ನೋಂದಾಯಿಸಬೇಕು. ಕಲಿಕೆ, ಸಂಶೋಧನೆಯಂಥ ಲಾಭದ ಉದ್ದೇಶವಿಲ್ಲದ ಬಳಕೆಗೆ ದುಡ್ಡಿಲ್ಲ, ವ್ಯಾಪಾರದ ಬಳಕೆಗೆ ಶುಲ್ಕವಿದೆ. ನೋಂದಣಿಯಲ್ಲಿ ಕೇಳುವ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಟ್ಟು ಮುಂದೆ ಹೋಗಿ.

ಪರದೆ ಮೊದಲ ಸಲ ಕಂಡಾಗ ಸ್ವಲ್ಪ ಗಿಜಿಗಿಜಿ ಅನಿಸುತ್ತದೆ. ನಡುವೆ ಕೋಡ್ ಬರೆಯುವ ಜಾಗ. ಕೆಳಗೆ ನಕ್ಷೆ. ಎಡಕ್ಕೆ ಮೂರು ಹಾಳೆ: ನೀವು ಉಳಿಸಿದ ಸ್ಕ್ರಿಪ್ಟುಗಳು, ಪ್ರತಿ ಆಜ್ಞೆಯ ವಿವರಣೆ ಇರುವ ಡಾಕ್ಸ್, ನೀವೇ ಏರಿಸಿದ ಫೈಲುಗಳಿರುವ ಅಸೆಟ್ಸ್. ಬಲಕ್ಕೆ ಇನ್ನೂ ಮೂರು: ಇನ್‌ಸ್ಪೆಕ್ಟರ್, ಕನ್ಸೋಲ್, ಟಾಸ್ಕ್ಸ್. ಮೇಲೆ ಹುಡುಕುವ ಪಟ್ಟಿ.

ಇವುಗಳಲ್ಲಿ ಜಾಸ್ತಿ ಪ್ರೀತಿ ಇಡಬೇಕಾದದ್ದು ಇನ್‌ಸ್ಪೆಕ್ಟರ್ ಮೇಲೆ. ಅದನ್ನು ಆರಿಸಿ ನಕ್ಷೆಯ ಮೇಲೆ ಎಲ್ಲಿ ಒತ್ತಿದರೂ ಆ ಪಿಕ್ಸೆಲ್‌ನ ನಿಜವಾದ ಅಂಕಿಗಳನ್ನು ತೋರಿಸುತ್ತದೆ. ಬಣ್ಣ ಕಣ್ಣಿಗೆ ಮೋಸ ಮಾಡಬಹುದು. ಅಂಕಿ ನೋಡಿದರೆ ನೀರೋ ನೆರಳೋ ಗೊತ್ತಾಗುತ್ತದೆ.

ಮೊದಲ ಸ್ಕ್ರಿಪ್ಟ್

ನಕ್ಷೆಯ ಎಡಮೂಲೆಯಲ್ಲಿ ಗೆರೆ ಎಳೆಯುವ ಉಪಕರಣಗಳಿವೆ. ಅದರಿಂದ ಕೆರೆಯ ಸುತ್ತ ಒಂದು ಆಕಾರ ಎಳೆಯಿರಿ. ಎಳೆದ ಕೂಡಲೇ ಅದು ಕೋಡಿನ ಮೇಲ್ಭಾಗದಲ್ಲಿ ತಾನಾಗಿ ಬಂದು ಕೂರುತ್ತದೆ. ಹೆಸರು ಬದಲಿಸಿ "ಕೆರೆ" ಎಂದು ಇಡಿ. ಕೋಡಿನಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಗೆರೆ ಎಳೆಯದೆ ಅಂಕಿಯಿಂದಲೇ ಜಾಗ ಹೇಳುವುದಾದರೆ ನೆನಪಿಡಿ: ಇಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾವು ಮಾತಿನಲ್ಲಿ ಹೇಳುವ ಕ್ರಮಕ್ಕೆ ಇದು ತಿರುಗುಮುರುಗು. ಕೆರೆ ಹುಡುಕಲು ಹೋಗಿ ಸಮುದ್ರದ ನಡುವೆ ಬಂದು ನಿಂತರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಈಗ ಹುಡುಕುವ ಪಟ್ಟಿಯಲ್ಲಿ ಸೆಂಟಿನೆಲ್-2 ಎಂದು ಹುಡುಕಿ. ಒಂದಕ್ಕಿಂತ ಹೆಚ್ಚು ಸಂಗ್ರಹ ಕಾಣುತ್ತವೆ. ಹೆಸರಿನಲ್ಲಿ "ಹಾರ್ಮೊನೈಸ್ಡ್" ಎಂದಿರುವ ಸರ್ಫೇಸ್ ರಿಫ್ಲೆಕ್ಟೆನ್ಸ್ (ನೆಲದಿಂದ ವಾಪಸ್ ಬರುವ ಬೆಳಕಿನ ಅಳತೆ) ಸಂಗ್ರಹ ಆರಿಸಿ ಇಂಪೋರ್ಟ್ ಒತ್ತಿ. ಯಾಕೆ ಅದೇ ಬೇಕು ಎಂದು ಮುಂದೆ ತೋರಿಸುತ್ತೇನೆ.

ನಂತರ ಚೀಟಿ ಬರೆಯಲು ಶುರು. ಸಂಗ್ರಹದ ಹೆಸರು ಹಾಕಿ, ಚುಕ್ಕಿ ಇಟ್ಟು, ಫಿಲ್ಟರ್‌ಬೌಂಡ್ಸ್ ಎಂದು ಬರೆದು ಆವರಣದೊಳಗೆ ಕೆರೆಯನ್ನು ಕೊಡಿ. ಕೆರೆಗೆ ತಾಗುವ ಚಿತ್ರಗಳು ಮಾತ್ರ ಉಳಿಯುತ್ತವೆ. ಮತ್ತೆ ಚುಕ್ಕಿ, ಫಿಲ್ಟರ್‌ಡೇಟ್, ಒಳಗೆ ಎರಡು ದಿನಾಂಕ. 2023ನೇ ವರ್ಷ ಪೂರ್ತಿ ಬೇಕಿದ್ದರೆ 2023ರ ಜನವರಿ 1 ಮತ್ತು 2024ರ ಜನವರಿ 1 ಎಂದೇ ಕೊಡಬೇಕು. ಎರಡನೆಯ ದಿನಾಂಕ ಲೆಕ್ಕಕ್ಕೆ ಸೇರುವುದಿಲ್ಲ. ಡಿಸೆಂಬರ್ 31 ಎಂದು ಕೊಟ್ಟರೆ ಆ ದಿನದ ಚಿತ್ರ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮೂರನೆಯದು ಮೋಡದ ಫಿಲ್ಟರ್. ಪ್ರತಿ ಚಿತ್ರದ ಜೊತೆಗೂ ಶೇಕಡಾ ಎಷ್ಟು ಮೋಡ ಎಂಬ ಟಿಪ್ಪಣಿ ಇರುತ್ತದೆ. 20ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಇಟ್ಟುಕೊಳ್ಳಿ.

ಇಲ್ಲಿಗೆ ನಿಲ್ಲಿಸಿ, ಎಷ್ಟು ಚಿತ್ರ ಉಳಿದವು ಎಂದು ಪ್ರಿಂಟ್ ಮಾಡಿ. ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಸ್ಕ್ರಿಪ್ಟ್ ಓಡುತ್ತದೆ. ಕನ್ಸೋಲ್‌ನಲ್ಲಿ 31 ಅಂತಲೋ 44 ಅಂತಲೋ ಬರುತ್ತದೆ. ಸೊನ್ನೆ ಬಂದರೆ ಜಾಗ, ದಿನಾಂಕ, ಮೋಡದ ಮಿತಿ, ಈ ಮೂರರಲ್ಲಿ ಒಂದು ತಪ್ಪಿದೆ. ಪ್ರತಿ ಹಂತದಲ್ಲೂ ಹೀಗೆ ಪ್ರಿಂಟ್ ಮಾಡಿ ನೋಡುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಕೊಳ್ಳಿ.

ಈಗ ನನಗೆ ತುಂಬ ಇಷ್ಟದ ಹೆಜ್ಜೆ. ಉಳಿದ ಚಿತ್ರಗಳೆಲ್ಲ ಒಂದರ ಮೇಲೊಂದು ಜೋಡಿಸಿಟ್ಟ ಹಾಳೆಗಳ ಹಾಗೆ. ಒಂದು ಪಿಕ್ಸೆಲ್ ಹಿಡಿದು ಸೂಜಿ ಚುಚ್ಚಿದರೆ ಎಲ್ಲ ಹಾಳೆಗಳಲ್ಲೂ ಅದೇ ಜಾಗ ಸಿಗುತ್ತದೆ. ಐದೇ ಹಾಳೆ ಇವೆ ಎನ್ನೋಣ. ಕೆಂಪು ಬ್ಯಾಂಡಿನಲ್ಲಿ ಆ ಪಿಕ್ಸೆಲ್‌ನ ಅಂಕಿಗಳು 420, 380, 7200, 150, 400. ಈ 7200 ಮೋಡ, ಬೆಳ್ಳಗೆ ಹೊಳೆಯುತ್ತಿದೆ. 150 ಮೋಡದ ನೆರಳು. ಸರಾಸರಿ ತೆಗೆದರೆ 1710 ಬರುತ್ತದೆ, ಆ ನೆಲದ ಬಣ್ಣ ಯಾವ ದಿನವೂ ಹಾಗಿರಲಿಲ್ಲ. ಕ್ರಮವಾಗಿ ಜೋಡಿಸಿ ನಡುವಿನದನ್ನು ತೆಗೆಯಿರಿ: 150, 380, 400, 420, 7200. ಮಧ್ಯಾಂಕ 400. ಮೋಡವೂ ಹೋಯಿತು, ನೆರಳೂ ಹೋಯಿತು. ಕೋಡಿನಲ್ಲಿ ಇದಕ್ಕೆ ಬೇಕಾದದ್ದು ಮೀಡಿಯನ್ ಎಂಬ ಒಂದೇ ಪದ. ಇಡೀ ಪ್ರದೇಶದ ಪ್ರತಿ ಪಿಕ್ಸೆಲ್‌ಗೂ, ಪ್ರತಿ ಬ್ಯಾಂಡಿಗೂ ಸರ್ವರ್ ಇದನ್ನು ಮಾಡಿಕೊಡುತ್ತದೆ. ಹಾಳೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೋಡವೇ ಇದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ. ಆಗ ಮೋಡದ ಪಿಕ್ಸೆಲ್‌ಗಳನ್ನು ಮೊದಲೇ ಮುಚ್ಚಬೇಕು, ಇಲ್ಲವೇ ಮೋಡದ ಮೂಲಕವೂ ನೋಡಬಲ್ಲ ಸೆಂಟಿನೆಲ್-1ರ ರೇಡಾರ್ ಕಡೆಗೆ ಹೋಗಬೇಕು.

ನಕ್ಷೆಯ ಮೇಲೆ ಹಾಕಲು ಆ್ಯಡ್‌ಲೇಯರ್ ಇದೆ. ಕೆಂಪು, ಹಸಿರು, ನೀಲಿ ಎಂದು ಬಿ4, ಬಿ3, ಬಿ2 ಬ್ಯಾಂಡ್‌ಗಳನ್ನು ಕ್ರಮವಾಗಿ ಕೊಡಿ. ಕನಿಷ್ಠ 0, ಗರಿಷ್ಠ 3000 ಎಂದು ಹೇಳಿ. ಇದನ್ನು ಮರೆತರೆ ಇಡೀ ಪರದೆ ಕಪ್ಪಗೋ ಬೆಳ್ಳಗೋ ಕಂಡು ಗಾಬರಿ ಹುಟ್ಟಿಸುತ್ತದೆ. ಚಿತ್ರ ಹಾಳಾಗಿರುವುದಿಲ್ಲ. ಎಷ್ಟರಿಂದ ಎಷ್ಟರವರೆಗೆ ಬಣ್ಣ ಹಂಚಬೇಕು ಎಂದು ನಾವು ಹೇಳಿಲ್ಲ, ಅಷ್ಟೇ.

ಹಸಿರನ್ನು ಅಂಕಿಯಾಗಿಸುವುದು

ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆದು, ಆ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಬರುವುದೇ ಎನ್‌ಡಿವಿಐ ಎಂಬ ಹಸಿರಿನ ಅಳತೆ. ಅದು ಮೈನಸ್ 1ರಿಂದ 1ರ ನಡುವೆ ಇರುತ್ತದೆ. ಸೆಂಟಿನೆಲ್-2ರಲ್ಲಿ ಬಿ8 ಇನ್‌ಫ್ರಾರೆಡ್, ಬಿ4 ಕೆಂಪು.

ದಟ್ಟ ಹಸಿರಿನ ಒಂದು ಪಿಕ್ಸೆಲ್ ತೆಗೆದುಕೊಳ್ಳಿ. ಇನ್‌ಫ್ರಾರೆಡ್ 3600, ಕೆಂಪು 400. ವ್ಯತ್ಯಾಸ 3200, ಮೊತ್ತ 4000. ಎನ್‌ಡಿವಿಐ 0.8. ಬರಿ ಮಣ್ಣಿನ ಪಿಕ್ಸೆಲ್: ಇನ್‌ಫ್ರಾರೆಡ್ 2500, ಕೆಂಪು 2000. ಭಾಗಿಸಿದರೆ 0.11. ನೀರು ಇನ್‌ಫ್ರಾರೆಡ್ ಬೆಳಕನ್ನೆಲ್ಲ ನುಂಗಿಬಿಡುತ್ತದೆ, ಹಾಗಾಗಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಈಗ ಹಾರ್ಮೊನೈಸ್ಡ್ ವಿಷಯಕ್ಕೆ ಬರೋಣ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಚಿತ್ರಗಳನ್ನು ಸಿದ್ಧಮಾಡುವ ರೀತಿ ಬದಲಾಯಿತು. ಪ್ರತಿ ಪಿಕ್ಸೆಲ್‌ನ ಅಂಕಿಗೂ 1000 ಕೂಡಿಸಿಯೇ ಕೊಡಲು ಶುರುಮಾಡಿದರು. ಅದೇ ಹಸಿರು ಪಿಕ್ಸೆಲ್ ಈಗ 4600 ಮತ್ತು 1400 ಎಂದು ಕಾಣುತ್ತದೆ. ವ್ಯತ್ಯಾಸ ಅದೇ 3200, ಆದರೆ ಮೊತ್ತ 6000. ಎನ್‌ಡಿವಿಐ 0.53! ಗಿಡ ಮರ ಏನೂ ಆಗದೆ ನಿಂತಿವೆ, ನಮ್ಮ ಗ್ರಾಫಿನಲ್ಲಿ ಮಾತ್ರ 2022ರಿಂದ ಹಸಿರು ಧಡಕ್ಕನೆ ಕುಸಿದಿದೆ. ಹಾರ್ಮೊನೈಸ್ಡ್ ಸಂಗ್ರಹದಲ್ಲಿ ಆ 1000 ಕಳೆದೇ ಇಟ್ಟಿರುತ್ತಾರೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಲ್ಯಾಂಡ್‌ಸ್ಯಾಟ್ ಬಳಸುವವರಿಗೂ ಇಂಥದ್ದೇ ಒಂದು ಎಚ್ಚರಿಕೆ ಬೇಕು. ಲ್ಯಾಂಡ್‌ಸ್ಯಾಟ್ 7ರಲ್ಲಿ 4ನೇ ಬ್ಯಾಂಡ್ ಇನ್‌ಫ್ರಾರೆಡ್. ಲ್ಯಾಂಡ್‌ಸ್ಯಾಟ್ 8ರಲ್ಲಿ 4ನೇ ಬ್ಯಾಂಡ್ ಕೆಂಪು, ಇನ್‌ಫ್ರಾರೆಡ್ 5ಕ್ಕೆ ಹೋಗಿದೆ. ಹಳೆಯ ಸ್ಕ್ರಿಪ್ಟನ್ನು ಹಾಗೇ ಎತ್ತಿ ಹಾಕಿದರೆ ದೋಷದ ಸೂಚನೆ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಸಂಗ್ರಹದ ವಿವರಣೆ ಪುಟದಲ್ಲಿರುವ ಬ್ಯಾಂಡ್‌ಗಳ ಪಟ್ಟಿ ಓದದೆ ಮುಂದೆ ಹೋಗಲೇಬೇಡಿ.

ಇಫ್ ಯಾಕೆ ಕೆಲಸ ಮಾಡುವುದಿಲ್ಲ?

ಜಾವಾಸ್ಕ್ರಿಪ್ಟ್ ಸ್ವಲ್ಪ ಬಲ್ಲವರೇ ಇಲ್ಲಿ ಜಾಸ್ತಿ ಎಡವುತ್ತಾರೆ. "ಚಿತ್ರಗಳ ಸಂಖ್ಯೆ 10ಕ್ಕಿಂತ ಹೆಚ್ಚಿದ್ದರೆ ಹೀಗೆ ಮಾಡು" ಎಂದು ಇಫ್ ಹಾಕುತ್ತಾರೆ. ಷರತ್ತು ಯಾವಾಗಲೂ ನಿಜವೆಂದೇ ಬರುತ್ತದೆ. ಚಿತ್ರ ಒಂದೂ ಇಲ್ಲದಿದ್ದಾಗಲೂ!

ಚೀಟಿಯನ್ನು ನೆನಪಿಸಿಕೊಳ್ಳಿ. ನಿಮ್ಮ ಬ್ರೌಸರಿನ ಕೈಯಲ್ಲಿ ಇರುವುದು ಸಂಖ್ಯೆಯಲ್ಲ, "ಸಂಖ್ಯೆ ಎಣಿಸಿ, 10ಕ್ಕೆ ಹೋಲಿಸಿ" ಎಂದು ಬರೆದ ಚೀಟಿ. ಇಫ್ ಓಡುವುದು ಬ್ರೌಸರಿನಲ್ಲಿ. ಕೈಯಲ್ಲಿ ಏನೋ ಒಂದು ಇದೆ ಎಂದು ಮಾತ್ರ ಅದಕ್ಕೆ ಗೊತ್ತು. ಏನೋ ಇದ್ದರೆ ಜಾವಾಸ್ಕ್ರಿಪ್ಟಿನ ಪ್ರಕಾರ ಅದು ನಿಜ.

ಹೆಸರಿನ ಮುಂದೆ ಇಇ ಚುಕ್ಕಿ ಎಂದು ಶುರುವಾಗುವ ಎಲ್ಲವೂ ಸರ್ವರಿನ ಲೋಕಕ್ಕೆ ಸೇರಿದ್ದು. ಅವುಗಳ ಕೂಡು ಕಳೆ ಹೋಲಿಕೆಗಳನ್ನೂ ಸರ್ವರಿನ ಮಾತಲ್ಲೇ ಹೇಳಬೇಕು. ಕೂಡಿಸಲು ಆ್ಯಡ್, ದೊಡ್ಡದೇ ಎಂದು ನೋಡಲು ಜಿಟಿ. ಒಂದೊಂದನ್ನೇ ತೆಗೆದು ಕೆಲಸ ಮಾಡುವ ಫಾರ್ ಲೂಪ್ ಬದಲಿಗೆ ಸಂಗ್ರಹದ ಮೇಲೆ ಮ್ಯಾಪ್ ಬಳಸಬೇಕು. "ಇದರೊಳಗಿನ ಪ್ರತಿ ಚಿತ್ರಕ್ಕೂ ಈ ಕೆಲಸ ಮಾಡು" ಎಂಬ ಒಂದೇ ಸಾಲು. ಆಗ ಸರ್ವರ್ ಕೆಲಸವನ್ನು ಎಷ್ಟೋ ಯಂತ್ರಗಳಿಗೆ ಹಂಚಿ ಒಟ್ಟಿಗೇ ಮಾಡಿಸಬಹುದು. ಮೊದಲ ವಾರ ಇದು ಕಿರಿಕಿರಿ ಅನಿಸುತ್ತದೆ, ಆಮೇಲೆ ಕೈಗೆ ಒಗ್ಗುತ್ತದೆ.

ಸ್ಕೇಲ್ ಎಂಬ ದೊಡ್ಡ ವಿಷಯ

ಈ ಭಾಗವನ್ನು ನಿಧಾನವಾಗಿ ಓದಿ. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಕಲಿಯುವ ದಿನಗಳಲ್ಲಿ ಒಮ್ಮೆ ಇನ್‌ಸ್ಪೆಕ್ಟರ್‌ನಲ್ಲಿ ಒಂದು ಜಾಗದ ಎನ್‌ಡಿವಿಐ ನೋಡಿ ಬರೆದಿಟ್ಟುಕೊಂಡೆ. ಮರುದಿನ ಅದೇ ಸ್ಕ್ರಿಪ್ಟ್, ಅದೇ ಜಾಗ, ಅಂಕಿ ಬೇರೆ. ಕೋಡಿನ ಒಂದಕ್ಷರವೂ ಬದಲಾಗಿರಲಿಲ್ಲ. ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು: ಹಿಂದಿನ ದಿನ ನಕ್ಷೆಯನ್ನು ದೂರದಿಂದ ನೋಡುತ್ತಿದ್ದೆ, ಮರುದಿನ ಹತ್ತಿರ ಹೋಗಿದ್ದೆ. ವ್ಯತ್ಯಾಸ ಅಷ್ಟೇ.

ಕಾರಣ ಹೀಗಿದೆ. ಅರ್ಥ್ ಎಂಜಿನ್ ಪ್ರತಿ ಚಿತ್ರದ ಜೊತೆಗೂ ಅದರ ಸಣ್ಣ ಸಣ್ಣ ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು, ಅಂಥ ನಾಲ್ಕು ಸೇರಿಸಿ ಮತ್ತೊಂದು, ಹೀಗೆ ಗೋಪುರದ ಹಾಗೆ ಮೇಲೆ ಹೋಗುತ್ತದೆ. ನೀವು ನಕ್ಷೆಯನ್ನು ದೂರದಿಂದ ನೋಡುವಾಗ ಅದು ಗೋಪುರದ ಮೇಲಿನ ಅಂತಸ್ತಿನಿಂದ ಪಿಕ್ಸೆಲ್ ತೆಗೆದು ಲೆಕ್ಕ ಮಾಡುತ್ತದೆ. ಪರದೆಯಲ್ಲಿ ಕಾಣುವಷ್ಟಕ್ಕೆ ಮಾತ್ರ ಲೆಕ್ಕ. ಅದಕ್ಕೇ ಇಷ್ಟು ಬೇಗ ಉತ್ತರ ಬರುವುದು. ಲೆಕ್ಕ ಯಾವ ಅಂತಸ್ತಿನಲ್ಲಿ ನಡೆಯಬೇಕು ಎಂಬುದನ್ನು ತೀರ್ಮಾನಿಸುವುದು ಮೂಲ ಚಿತ್ರವಲ್ಲ, ನೀವು ಉತ್ತರ ಕೇಳಿದ ರೀತಿ.

ಹಾಗಾಗಿ ಬರೆದಿಡಬೇಕಾದ ಯಾವ ಅಂಕಿಯನ್ನೂ ನಕ್ಷೆ ನೋಡಿ ತೆಗೆದುಕೊಳ್ಳಬೇಡಿ. ರೆಡ್ಯೂಸ್‌ರೀಜನ್ ಎಂಬ ಆಜ್ಞೆ ಬಳಸಿ, ಸ್ಕೇಲ್ 10 ಎಂದು ನೀವೇ ಬರೆಯಿರಿ. 10 ಮೀಟರಿನ ಪಿಕ್ಸೆಲ್‌ನಲ್ಲೇ ಲೆಕ್ಕ ಮಾಡು ಎಂದು ಅರ್ಥ.

ಬರೆಯದಿದ್ದರೆ? ನಾವು ಮಾಡಿದ ಮಧ್ಯಾಂಕದ ಚಿತ್ರಕ್ಕೆ ತನ್ನದೇ ಆದ ಪಿಕ್ಸೆಲ್ ಗಾತ್ರ ಇರುವುದಿಲ್ಲ, ಅದು ಹಲವು ಚಿತ್ರಗಳ ಬೆರಕೆ. ಆಗ ಅರ್ಥ್ ಎಂಜಿನ್ ಒಂದು ಡಿಗ್ರಿಯ ಪಿಕ್ಸೆಲ್ ಎಂದು ಹಿಡಿಯುತ್ತದೆ. ಭೂಮಧ್ಯರೇಖೆಯ ಬಳಿ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ನಿಮ್ಮ ಕೆರೆ ಆ ಪಿಕ್ಸೆಲ್‌ನ ಒಂದು ಮೂಲೆಯಲ್ಲಿ ಕಳೆದೇಹೋಗುತ್ತದೆ. ಉತ್ತರ ಬರುತ್ತದೆ, ದಶಮಾಂಶ ಸಮೇತ ಚೆಂದವಾಗಿಯೇ ಬರುತ್ತದೆ. ಅದಕ್ಕೂ ಕೆರೆಗೂ ಸಂಬಂಧ ಇರುವುದಿಲ್ಲ.

ಸ್ಕೇಲ್ ಸರಿಯಾಗಿ ಕೊಟ್ಟು ಜಾಗ ದೊಡ್ಡದಾದರೆ ಪಿಕ್ಸೆಲ್ ಜಾಸ್ತಿಯಾಯಿತು ಎಂಬ ದೋಷ ಬರುತ್ತದೆ. ಒಂದು ಕೋಟಿ ಪಿಕ್ಸೆಲ್ ದಾಟಿದರೆ ಹೀಗೆ ತಡೆಯುತ್ತದೆ. ಮ್ಯಾಕ್ಸ್‌ಪಿಕ್ಸೆಲ್ಸ್ ಎಂಬ ಮಿತಿಯನ್ನು ಏರಿಸಿದರೆ ಮುಂದೆ ಹೋಗುತ್ತದೆ. ಬೆಸ್ಟ್‌ಎಫರ್ಟ್ ಹಾಕಿ ಎಂದು ಯಾರಾದರೂ ಹೇಳಿದರೆ ಸುಮ್ನೆ ಹಾಕಬೇಡಿ. ಅದು ನಿಮ್ಮನ್ನು ಕೇಳದೆ ಗೋಪುರದ ಮೇಲಿನ ಅಂತಸ್ತಿಗೆ ಹತ್ತಿಬಿಡುತ್ತದೆ.

ಹೊರಗೆ ತೆಗೆಯುವುದು

ಪರದೆಯ ಮೇಲೆ ಕೇಳಿದ ಉತ್ತರಕ್ಕೆ ಐದು ನಿಮಿಷದ ಗಡುವು ಇದೆ. ಅಷ್ಟರಲ್ಲಿ ಮುಗಿಯದಿದ್ದರೆ ಸಮಯ ಮೀರಿತು ಎಂದು ಬರುತ್ತದೆ. ದೊಡ್ಡ ಕೆಲಸಗಳನ್ನು ಎಕ್ಸ್‌ಪೋರ್ಟ್ ಮೂಲಕ ಕಳಿಸಬೇಕು. ಚಿತ್ರ ಗೂಗಲ್ ಡ್ರೈವ್‌ಗೆ ಬಂದು ಬೀಳುತ್ತದೆ. ಇಲ್ಲೂ ಸ್ಕೇಲ್ ಬರೆಯಲೇಬೇಕು, ಇಲ್ಲದಿದ್ದರೆ ಒಂದು ಕಿಲೋಮೀಟರಿಗೊಂದು ಪಿಕ್ಸೆಲ್ ಸಿಗುತ್ತದೆ. ಸ್ಕ್ರಿಪ್ಟ್ ಓಡಿಸಿದ ಮಾತ್ರಕ್ಕೆ ಎಕ್ಸ್‌ಪೋರ್ಟ್ ಶುರುವಾಗುವುದಿಲ್ಲ. ಟಾಸ್ಕ್ಸ್ ಹಾಳೆಗೆ ಹೋಗಿ ರನ್ ಒತ್ತಬೇಕು. ಒತ್ತಿದ ಮೇಲೆ ಬ್ರೌಸರ್ ಮುಚ್ಚಿದರೂ ಪರವಾಗಿಲ್ಲ, ಕೆಲಸ ಅಲ್ಲಿ ನಡೆಯುತ್ತಿರುತ್ತದೆ.

ಪೈಥಾನ್ ರೂಢಿ ಇರುವವರು ಇದೇ ಎಂಜಿನನ್ನು ಕೊಲ್ಯಾಬ್ ನೋಟ್‌ಬುಕ್‌ನಿಂದಲೂ (ಬ್ರೌಸರಿನಲ್ಲೇ ಪೈಥಾನ್ ಬರೆಯುವ ಗೂಗಲ್‌ನ ಜಾಗ) ಬಳಸಬಹುದು. ಚೀಟಿಯ ಭಾಷೆ ಬದಲಾಗುತ್ತದೆ, ಒಳಗಿನ ಗ್ರಂಥಾಲಯ ಅದೇ. ಆದರೂ ಮೊದಲ ಕೆಲವು ವಾರ ಕೋಡ್ ಎಡಿಟರ್‌ನಲ್ಲೇ ಇರಿ ಎಂದು ನಾನು ಹೇಳುತ್ತೇನೆ. ನಕ್ಷೆ, ಕೋಡ್, ಇನ್‌ಸ್ಪೆಕ್ಟರ್ ಮೂರೂ ಒಂದೇ ಪರದೆಯಲ್ಲಿ ಕಾಣುವುದರಿಂದ ಕಲಿಕೆ ಬೇಗ ಆಗುತ್ತದೆ.

ಇನ್ನು ಕೆರೆಯ ಪ್ರಶ್ನೆ ಬಾಕಿ ಇದೆ. ಮಧ್ಯಾಂಕದ ಚಿತ್ರದಲ್ಲಿ ಹಸಿರು ಬ್ಯಾಂಡ್ ಬಿ3 ಮತ್ತು ಇನ್‌ಫ್ರಾರೆಡ್ ಬಿ8 ತೆಗೆದು, ಹಸಿರಿನಿಂದ ಇನ್‌ಫ್ರಾರೆಡ್ ಕಳೆದು, ಎನ್‌ಡಿವಿಐ ಥರವೇ ಆ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ. ಇದಕ್ಕೆ ಎನ್‌ಡಿಡಬ್ಲ್ಯುಐ ಎನ್ನುತ್ತಾರೆ. ಸೊನ್ನೆಗಿಂತ ಹೆಚ್ಚಿರುವ ಪಿಕ್ಸೆಲ್ ನೀರು ಎಂದು ಸದ್ಯಕ್ಕೆ ಹಿಡಿಯಿರಿ. ಆ ಪಿಕ್ಸೆಲ್‌ಗಳಿಗೆ 1, ಉಳಿದವಕ್ಕೆ 0. ಅದನ್ನು ಪಿಕ್ಸೆಲ್‌ಏರಿಯಾ ಎಂಬ ಚಿತ್ರದಿಂದ ಗುಣಿಸಿದರೆ ಪ್ರತಿ ಪಿಕ್ಸೆಲ್‌ನಲ್ಲಿ ಎಷ್ಟು ಚದರ ಮೀಟರ್ ನೀರಿದೆ ಎಂದು ಸಿಗುತ್ತದೆ. ಕೆರೆಯ ಆಕಾರದೊಳಗೆ, ಸ್ಕೇಲ್ 10 ಎಂದು ಬರೆದು, ಎಲ್ಲ ಕೂಡಿಸಿ ಪ್ರಿಂಟ್ ಮಾಡಿ. ಹತ್ತು ಸಾವಿರದಿಂದ ಭಾಗಿಸಿದರೆ ಹೆಕ್ಟೇರ್. ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ದಿನಾಂಕದ ಸಾಲಿಗೆ ಹೋಗಿ 2023 ಇದ್ದಲ್ಲಿ 2019, 2024 ಇದ್ದಲ್ಲಿ 2020 ಎಂದು ಬದಲಿಸಿ, ಮತ್ತೆ ರನ್ ಒತ್ತಿ.